ಕಲ್ಲಿನ ಚೆಲುವೆಯರೂ ಕಾಗದದ ಚೆಲುವೆಯರೂ

ನಮ್ಮ ಊರು ಅಂತೂರ ಬೆಂತೂರ. ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಈ ಸೀಮೆಯ ವಾಡಿಕೆ. ಗದಗ ತಾಲ್ಲೂಕಿನ ಎರೆಯ ಹೊಲಗಳ ನಾಡಿದು. ಜೋಳ, ಹತ್ತಿ, ಮೆಣಸಿನಕಾಯಿಗಳೇ ಇಲ್ಲಿಯ ಮಾತುಕತೆ. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಸಂಸ್ಕೃತವನ್ನೂ ಕನ್ನಡವನ್ನೂ ಹುಡುಗರಿಗೆ ಹೇಳಿಕೊಟ್ಟು ನಿವೃತ್ತರಾಗಿ ಈಚೆಗೆ ಈ ಊರಿನ ನಮ್ಮ ಹಳೆಯ ಮನೆಯಲ್ಲಿಯೇ ನೆಲೆ ನಿಂತಿದ್ದೇವೆ. ಇಂಥ ಊರಿನಲ್ಲಿ ಕುಳಿತು ಜಪಾನು ದೇಶದ ಚಿತ್ರಗಳ ವಿಷಯವಾಗಿ ಬರೆಯಹೊರಟುದು ವಾಚಕರಿಗೆ ಸೋಜಿಗವೆನಿಸಬಹುದು. ಅದರ ಕಾರಣವನ್ನೇ ಮೊದಲು ಅರಿಕೆ ಮಾಡುತ್ತೇವೆ.

ನಮ್ಮ ಕಿರಿಯ ಮಗಳು ಚಿತ್ರಕಲೆಯನ್ನು ಕಲಿತವಳು; ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಕಳೆದ ದೀಪಾವಳಿಗೆ ಬಂದಾಗ ಅವಳು ಪಡಸಾಲೆಯ ಗೋಡೆಯನ್ನು ನೋಡಿ, "ಅಪ್ಪಾ, ಅಜ್ಜನ ಫೋಟೋ ಐತಿ, ಮುತ್ತಜ್ಜನ ಫೋಟೋನೂ ಐತಿ. ಅಜ್ಜಿದು ಯಾಕಿಲ್ಲ?" ಎಂದು ಕೇಳಿದಳು. ನಮ್ಮ ತಾಯಿಯವರು ತೀರಿಕೊಂಡುದು 1979ರಲ್ಲಿ. ಆಗ ನಮಗೆ ಹದಿನೈದು ವರ್ಷ. ಅವರದೆಂಬ ಭಾವಚಿತ್ರವೊಂದೂ ಇಲ್ಲ. ಮದುವೆಯೊಂದರ ಸಮೂಹಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ; ಆದರೆ ಸೆರಗು ಮುಖದ ಮುಕ್ಕಾಲು ಪಾಲನ್ನು ಮರೆಮಾಡಿದೆ. "ಹಂಗಾರ ನೀವು ಹೇಳ್ರಿ, ನಾ ಬರೀತೀನಿ" ಎಂದು ಮಗಳು ಸೀಸದಕಡ್ಡಿ ಹಿಡಿದು ಎದುರಿಗೆ ಕುಳಿತಳು.

ಹೇಳಹೋದೆವು, ನಾಲಿಗೆಗೆ ಬಂದುದೆಲ್ಲ ಕಾವ್ಯದ ಸರಕು. ಕಣ್ಣು ತಾವರೆಯ ಎಸಳಿನಂತೆ, ಮುಖ ಚಂದ್ರನಂತೆ, ನಡಿಗೆ ಹಂಸದಂತೆ. ಮಗಳು ಕಡ್ಡಿಯನ್ನು ಕೆಳಗಿಟ್ಟು ನಕ್ಕಳು. ಜೀವಮಾನವೆಲ್ಲ ನಾಯಿಕಾವರ್ಣನೆಗಳಿಗೆ ಅರ್ಥ ಹೇಳಿದ ನಮಗೆ ಹೆತ್ತ ತಾಯಿಯ ಮುಖವನ್ನು ವರ್ಣಿಸಲು ಒಂದು ಸ್ವಂತ ಮಾತು ದೊರೆಯಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುದಿನ ಮಗಳು ತನ್ನ ಚೀಲದಿಂದ ದಪ್ಪನೆಯ ಚಿತ್ರಪುಸ್ತಕವೊಂದನ್ನು ತೆಗೆದು ನಮ್ಮ ಮುಂದಿಟ್ಟಳು. ಅದರ ತುಂಬ ಜಪಾನಿನ ಹೆಂಗಸರು: ಕನ್ನಡಿ ನೋಡುವವರು, ಓಲೆ ಓದುವವರು, ಮಳೆಯಲ್ಲಿ ಕೊಡೆ ಹಿಡಿದು ನಡೆವವರು, ಕೂಸಿಗೆ ಮೊಲೆಯೂಡುವವರು. ಮನೆಯಲ್ಲಿದ್ದ ನಮ್ಮ ಅಕ್ಕನವರು ಬಗ್ಗಿ ನೋಡಿ, "ಇವರೆಲ್ಲಾ ಒಬ್ಬಾಕೀನ ಏನ ತಮ್ಮಾ? ಮಾರಿ ಎಲ್ಲಾವೂ ಒಂದ ನಮೂನಿ ಅದಾವಲ್ಲ!" ಎಂದರು. ಅಕ್ಷರ ಬಾರದ ಅಕ್ಕನ ಈ ಪ್ರಶ್ನೆಯು ಪಂಡಿತರ ಪ್ರಶ್ನೆಯೇ ಆಗಿದೆ. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದುದೇ ಈ ಲೇಖನದ ವಿಷಯ.

ಇಂಥ ಚಿತ್ರಗಳಿಗೆ ಜಪಾನಿನವರು 'ಬಿಜಿನ್‌ಗ' ಎನ್ನುತ್ತಾರೆ; ಚೆಲುವೆಯರ ಚಿತ್ರ ಎಂದು ಅರ್ಥ. ಇವು 'ಉಕಿಯೊ' ಚಿತ್ರಗಳೆಂಬ ದೊಡ್ಡ ಕುಲಕ್ಕೆ ಸೇರಿದವು. ಉಕಿಯೊ ಎಂಬ ಶಬ್ದದಲ್ಲಿ ಶ್ಲೇಷವುಂಟು. ಬೌದ್ಧರ ಬಾಯಲ್ಲಿ ಅದು ದುಃಖಮಯವಾದ ಸಂಸಾರ. ಪಟ್ಟಣದ ರಸಿಕರು ಅದೇ ಉಚ್ಚಾರವನ್ನಿಟ್ಟುಕೊಂಡು ಲಿಪಿಯನ್ನು ಬದಲಿಸಿ 'ತೇಲುವ ಲೋಕ' ಎಂದು ಮಾಡಿಕೊಂಡರು. ಹೇಗೂ ನಿಲ್ಲದ ಲೋಕ; ತೇಲುವಷ್ಟು ಹೊತ್ತು ನೋಡಿ ನಲಿಯೋಣ ಎಂಬುದು ಅವರ ಭಾವ. ಈಗ ಟೋಕಿಯೋ ಎನಿಸಿಕೊಂಡಿರುವ ನಗರಕ್ಕೆ 1868ರವರೆಗೂ ಎದೊ ಎಂದು ಹೆಸರಿತ್ತು. ಆ ಎದೊ ನಗರದ ವರ್ತಕರೂ ಕುಶಲಕರ್ಮಿಗಳೂ ಈ ಚಿತ್ರಗಳನ್ನು ಕೊಂಡು ಮನೆಗೆ ಒಯ್ಯುತ್ತಿದ್ದರು. ಇವು ಅರಸರ ಚಿತ್ರಶಾಲೆಯ ಸೊತ್ತಲ್ಲ, ಪೇಟೆಯ ಸರಕು. ನಮ್ಮ ಕಡೆಯ ಮನೆಗಳಿಗೆ ರವಿವರ್ಮನ ಅಚ್ಚಿನ ಲಕ್ಷ್ಮೀ ಸರಸ್ವತಿಯರು ಬಂದ ಬಗೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ರವಿವರ್ಮನು 1894ರಲ್ಲಿ ಮುಂಬಯಿಯ ಬಳಿ ಶಿಲಾಮುದ್ರಣಾಲಯವನ್ನು ತೆರೆದುದರಿಂದಲೇ ಅರಮನೆಯ ಚಿತ್ರವು ಗುಡಿಸಲಿನ ಗೋಡೆಯನ್ನೇರಿತು. ಜಪಾನಿನಲ್ಲಿ ಕಲ್ಲಿಗೆ ಬದಲಾಗಿ ಮರ ಆ ಕೆಲಸವನ್ನು ಅದಕ್ಕೂ ನೂರಾರು ವರ್ಷ ಮೊದಲೇ ಮಾಡಿತ್ತು.

ಮರದಿಂದ ಇಷ್ಟು ನಯವಾದ ಚಿತ್ರವು ಹೇಗೆ ಮೂಡೀತೆಂಬ ಶಂಕೆ ನಮಗೆ ಬಿಡಲಿಲ್ಲ. ಗದಗವು ಮುದ್ರಣಕಾಶಿಯೆಂದು ಹೆಸರಾದ ಊರು. ಅಲ್ಲಿ ಅಚ್ಚುಕೂಟ ನಡೆಸುವ ಹಳೆಯ ಶಿಷ್ಯನೊಬ್ಬನಿದ್ದಾನೆ. ಒಂದು ಬೆಳಿಗ್ಗೆ ಮಗಳನ್ನೂ ಅಕ್ಕನವರನ್ನೂ ಕರೆದುಕೊಂಡು ಬಸ್ಸು ಹತ್ತಿದೆವು. ಶಿಷ್ಯನ ಅಚ್ಚುಕೂಟದಲ್ಲಿ ಈಗಿನ ಯಂತ್ರಗಳು ಗಡಗಡನೆ ಬಣ್ಣದ ಲಗ್ನಪತ್ರಿಕೆಗಳನ್ನು ಉದುರಿಸುತ್ತಿದ್ದವು. ಮೂಲೆಯ ಪೆಟ್ಟಿಗೆಯೊಂದರಲ್ಲಿ ನಾಟಕದ ಭಿತ್ತಿಪತ್ರಗಳಿಗೆ ಹಿಂದೆ ಬಳಸುತ್ತಿದ್ದ ಮರದ ಅಚ್ಚುಮೊಳೆಗಳು ಧೂಳು ತಿನ್ನುತ್ತ ಬಿದ್ದಿದ್ದವು.

ಪುಸ್ತಕದಲ್ಲಿ ಹೇಳಿರುವ ಕ್ರಮವನ್ನು ಶಿಷ್ಯನಿಗೆ ಓದಿ ಹೇಳಿದೆವು. ಅದೆಂತೆಂದರೆ: ಚಿತ್ರಕಾರನು ತೆಳುವಾದ ಕಾಗದದ ಮೇಲೆ ಗೆರೆಯ ಚಿತ್ರವನ್ನು ಬರೆಯುತ್ತಾನೆ. ಕೆತ್ತನೆಗಾರನು ಅದನ್ನು ಚೆರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ಗೆರೆಯನ್ನುಳಿದು ಮಿಕ್ಕ ಮರವನ್ನೆಲ್ಲ ಕೊರೆದು ತೆಗೆಯುತ್ತಾನೆ. ಮೂಲಚಿತ್ರವು ಅಲ್ಲಿಗೆ ನಾಶವಾಗುತ್ತದೆ. ಬಳಿಕ ಬಣ್ಣ ಬಣ್ಣಕ್ಕೂ ಬೇರೆ ಬೇರೆ ಹಲಗೆ; ಒಂದು ಚಿತ್ರಕ್ಕೆ ಹತ್ತಕ್ಕೂ ಮಿಕ್ಕಿ ಹಲಗೆಗಳು ಬೇಕಾಗುವುದುಂಟು. ಅಚ್ಚುಗಾರನು ಹಲಗೆಗೆ ಬಣ್ಣ ಬಳಿದು, ಹಿಪ್ಪುನೇರಳೆಯ ಜಾತಿಯ ಗಿಡದ ನಾರಿನಿಂದಾದ ಕಾಗದವನ್ನು ತೇವಮಾಡಿ ಹಾಸಿ, ಬಿದಿರಿನ ಪೊರೆ ಹೊದಿಸಿದ ಒತ್ತುಗಾಯಿಯಿಂದ ಹಿಂಬದಿಯನ್ನು ಕೈಯಲ್ಲಿಯೇ ಉಜ್ಜುತ್ತಾನೆ. ಹಲಗೆಯ ಅಂಚಿನಲ್ಲಿ ಕೊರೆದ ಎರಡು ಗುರುತುಗಳಿಗೆ ಕಾಗದವನ್ನು ತಾಗಿಸಿ ಇಟ್ಟರೆ ಒಂದು ಬಣ್ಣವು ಇನ್ನೊಂದರ ಎಲ್ಲೆಯನ್ನು ಮೀರದು.

ಶಿಷ್ಯನು ಆ ಗುರುತುಗಳ ವಿಷಯ ಬಂದೊಡನೆ ಎದ್ದು ನಿಂತ. "ಸರ್, ನಮ್ಮ ಮಷಿನ್ನಿನ್ಯಾಗೂ ಇದ ಗುರುತ ಇರತೈತ್ರಿ. ಒಂದ ಬಣ್ಣ ಕೂದಲೆಳಿಯಷ್ಟು ಸರದ್ರ ಸಾಕು, ತುಟಿ ಹೋಗಿ ಗಲ್ಲದ ಮ್ಯಾಲ ಕುಂದರತೈತ್ರಿ!" ಎಂದ. ಬಳಿಕ ಚಿತ್ರವೊಂದರಲ್ಲಿ ಹಣೆಯಂಚಿನ ಕೂದಲನ್ನು ಬಹಳ ಹೊತ್ತು ನೋಡಿದ. ಒಂದೊಂದು ಎಳೆಯೂ ಬೇರೆಯಾಗಿ ನಿಂತಿತ್ತು. ಮುಖ ಮತ್ತು ಕೂದಲನ್ನು ಕೆತ್ತುವ ಕೆಲಸವನ್ನು ನುರಿತ ಹಿರಿಯ ಕೆತ್ತನೆಗಾರನಿಗೇ ಬಿಡುತ್ತಿದ್ದರಂತೆ. "ಇದನ್ನ ಕೈಲೆ ಮಾಡಿದಾವ್ರು ಯಾರ್ರೀ?" ಎಂದು ಶಿಷ್ಯ ಕೇಳಿದ. ಚಿತ್ರಕಾರನ ಹೆಸರುಂಟು, ಪ್ರಕಾಶಕನ ಮುದ್ರೆಯುಂಟು, ಸರಕಾರದ ತಪಾಸಣೆಯ ಮುದ್ರೆಯೂ ಉಂಟು. ಕೆತ್ತಿದವನ ಹೆಸರು ಆ ಹಾಳೆಯಲ್ಲಿ ಇರಲಿಲ್ಲ.

ಹಲವು ಬಣ್ಣಗಳ ಈ ಮುದ್ರಣವು ಹುಟ್ಟಿದ ಕತೆ ಗದಗದವರಿಗೆ ಹಿತವಾದೀತು. 1765ರಲ್ಲಿ ಎದೊ ನಗರದ ಸಿರಿವಂತ ರಸಿಕರು ಚಿತ್ರದ ಪಂಚಾಂಗಗಳನ್ನು ಅಚ್ಚುಹಾಕಿಸಿ ಒಬ್ಬರಿಗೊಬ್ಬರು ಕಾಣಿಕೆ ಕೊಡುವ ಪೈಪೋಟಿ ನಡೆಸಿದರು. ಸುಜುಕಿ ಹರುನೊಬು ಎಂಬ ಚಿತ್ರಕಾರನು ಅವಕ್ಕಾಗಿ ಮಾಡಿದ ಕೆಲಸದಿಂದಲೇ ಪೂರ್ಣವರ್ಣದ ಮುದ್ರಣ ಬಳಕೆಗೆ ಬಂದಿತು. ಅದಕ್ಕೆ ಕಿಂಕಾಪಿನ ಚಿತ್ರವೆಂದು ಹೆಸರಾಯಿತು. ಹರುನೊಬುವಿನ ಹೆಂಗಸರು ಕೃಶಾಂಗಿಯರು, ಬಾಲೆಯರಂತಿರುವವರು. ಅವನ ತರುವಾಯದ ಕಿಯೊನಾಗನ ಹೆಂಗಸರು ನೀಳವಾಗಿ ಬಾಳೆಯಂತೆ ನಿಂತವರು. ಆಮೇಲೆ ಬಂದ ಉತಾಮಾರೊ ಎಂಬವನು ಮೈಯನ್ನು ಬಿಟ್ಟು ತಲೆಯಿಂದ ಎದೆಯವರೆಗೆ ಮಾತ್ರ ದೊಡ್ಡದಾಗಿ ಬರೆದು, ಹಿನ್ನೆಲೆಗೆ ಅಭ್ರಕದ ಪುಡಿಯನ್ನು ಬಳಿಸಿದನು. ಆಗ ನೋಡುವವನಿಗೂ ಚಿತ್ರದ ಹೆಣ್ಣಿಗೂ ನಡುವೆ ದೂರ ಉಳಿಯಲಿಲ್ಲ.

ಇಲ್ಲಿಯೇ ಅಕ್ಕನವರ ಪ್ರಶ್ನೆಗೆ ಅರ್ಧ ಉತ್ತರವಿದೆ. ಉತಾಮಾರೊ 1793ರ ಸುಮಾರಿಗೆ ತನ್ನ ಕಾಲದ ಮೂವರು ಚೆಲುವೆಯರನ್ನು ಒಂದೇ ಹಾಳೆಯಲ್ಲಿ ಬರೆದನು. ಒಬ್ಬಳು ಹಾಡುಗಾರಿಕೆಯಲ್ಲಿ ಹೆಸರಾದವಳು, ಒಬ್ಬಳು ಚಹಾದಂಗಡಿಯ ಓಕಿತಾ, ಇನ್ನೊಬ್ಬಳು ಅಕ್ಕಿಯ ಹಪ್ಪಳದಂಥ ತಿಂಡಿ ಮಾರುವವರ ಮನೆಯ ಓಹಿಸಾ. ಮೇಲುನೋಟಕ್ಕೆ ಮೂವರೂ ಒಂದೇ ಅಚ್ಚು. ಕಣ್ಣಿಟ್ಟು ನೋಡಿದರೆ ಒಬ್ಬಳ ಮೂಗು ತುಸು ಬಾಗಿದೆ, ಒಬ್ಬಳ ಕಣ್ಣಿನ ಓರೆ ಬೇರೆ, ಒಬ್ಬಳ ಗಲ್ಲ ದುಂಡಗೆ. ಎದೊ ನಗರದ ಜನರಿಗೆ ಅಷ್ಟೇ ಸಾಕಾಗಿತ್ತು. ಅವರು ಹೆಸರಿಟ್ಟು ಗುರುತಿಸುತ್ತಿದ್ದರು. ಆದರೆ ಸರಕಾರಕ್ಕೆ ಇದು ಸೇರಲಿಲ್ಲ. ವೇಶ್ಯಾವಾಟಿಕೆಯವರನ್ನುಳಿದು ಬೇರೆ ಹೆಂಗಸರ ಹೆಸರನ್ನು ಚಿತ್ರದ ಮೇಲೆ ಅಚ್ಚುಹಾಕಬಾರದೆಂದು 1793ರಲ್ಲಿ ಅಪ್ಪಣೆಯಾಯಿತು. ಉತಾಮಾರೊ ಹೆಸರಿಗೆ ಬದಲಾಗಿ ಚಿತ್ರದ ಒಗಟನ್ನು ಮೂಲೆಯಲ್ಲಿ ಬರೆದನು. 1796ರಲ್ಲಿ ಒಗಟಿಗೂ ನಿಷೇಧ ಬಂದಿತು. ಮುಂದೆ 1804ರಲ್ಲಿ ಹಿಂದಿನ ಅಧಿಪತಿಯೊಬ್ಬನನ್ನು ಚಿತ್ರಿಸಿದ ತಪ್ಪಿಗೆ ಐವತ್ತು ದಿನ ಕೈಗೆ ಬೇಡಿ ಬಿದ್ದಿತು. 1806ರಲ್ಲಿ ಅವನು ತೀರಿಕೊಂಡನು.

ಮುದ್ರಣಾಲಯದಿಂದ ಹೊರಟು ತ್ರಿಕೂಟೇಶ್ವರನ ದರ್ಶನ ಮಾಡಿ, ಅಲ್ಲಿಯ ಸರಸ್ವತಿಯ ಗುಡಿಯ ಕಂಬಗಳನ್ನು ನೋಡಿದೆವು. ಕಡೆದ ದಂತದಂತೆ ಇರುವ ಕಂಬಗಳು. ಒಳಗಿನ ತಾಯಿಯ ಮೂರ್ತಿ ಮಾತ್ರ ಭಿನ್ನವಾಗಿದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಮೂಡಲಿಗೆ ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಗೆ ಹೋದೆವು. ಕಾಶಿವಿಶ್ವನಾಥನ ಗುಡಿಯ ಬಾಗಿಲುವಾಡದ ಪಟ್ಟಿಕೆಗಳಲ್ಲಿ ಬಳಪದ ಕಲ್ಲನ್ನು ಬೆಣ್ಣೆಯೆಂಬಂತೆ ಕೊರೆದಿದ್ದಾರೆ. ಬಳ್ಳಿಗಳ ನಡುವೆ ಸಣ್ಣ ಸಣ್ಣ ಆಕೃತಿಗಳು. ಚಾಲುಕ್ಯರ ಕಾಲದ ಈ ಕೈವಾಡವೇ ಮುಂದೆ ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಕಂಬದ ಮದನಿಕೆಯಾಗಿ, ಬೇಲೂರಿನಲ್ಲಿ ಸೂರಡಿಯ ಚೆಲುವೆಯರ ಸಾಲಾಗಿ ಬೆಳೆದುದನ್ನು ಬಲ್ಲವರು ಬಲ್ಲರು.

ಬೇಲೂರಿಗೆ ನಾವು ಶಾಲೆಯ ಮಕ್ಕಳೊಂದಿಗೆ ಹಲವು ಸಲ ಹೋದುದುಂಟು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಹೊರಗೆ ಮೂವತ್ತೆಂಟು ಮದನಿಕೆಯರಿದ್ದಾರೆ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಕೂದಲು ಹಿಂಡುವವಳು, ಸೆರಗೆಳೆವ ಕೋತಿಯನ್ನು ಗದರಿಸುವವಳು. ಉತಾಮಾರೊವಿನ ಹಾಳೆಗಳಲ್ಲಿಯೂ ಕನ್ನಡಿ, ಕೂದಲು, ಜಾರುವ ಬಟ್ಟೆ ಇವೇ ಇವೆ. ಆರು ನೂರಕ್ಕೂ ಮಿಕ್ಕ ವರ್ಷಗಳ ಅಂತರ, ಕಡಲುಗಳ ಅಂತರ. ಕನ್ನಡಿ ಹಿಡಿದ ಕೈಯ ಬಾಗು ಮಾತ್ರ ಒಂದೇ. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಹೆಣ್ಣಿನ ಹೆಸರು ಇಲ್ಲ. ದರ್ಪಣಸುಂದರಿಯು ರಾಣಿ ಶಾಂತಲೆಯೇ ಎಂದು ಹೇಳುವವರುಂಟು. ಅದು ಜನರ ಪ್ರೀತಿಯ ಮಾತು, ಕಲ್ಲಿನ ಮಾತಲ್ಲ.

ಲಕ್ಕುಂಡಿಯ ಬ್ರಹ್ಮಜಿನಾಲಯದ ನೆರಳಿನಲ್ಲಿ ಕುಳಿತಾಗ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ಹೊಳೆಯಿತು. ಈ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಗಂಡನನ್ನು ಕಳೆದುಕೊಂಡ ಮೇಲೆ ಮೂಲೆ ಸೇರದೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ತಾಯಿ ಈಕೆ. ರನ್ನನಿಗೆ ಆಶ್ರಯವಾಗಿ ನಿಂತವಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಮುದ್ರಣಕಾಶಿಯ ನೆರೆಯಲ್ಲಿ ಸಾವಿರ ಪ್ರತಿ! ಅತ್ತಿಮಬ್ಬೆಯ ಹೆಸರು ಶಾಸನದಲ್ಲಿದೆ, ಕಾವ್ಯದಲ್ಲಿದೆ. ಆದರೆ ಅವಳ ಮುಖ ಹೇಗಿತ್ತೋ ನಾವಾರೂ ಕಾಣೆವು. ಒಬ್ಬಳಿಗೆ ಹೆಸರುಂಟು, ಮುಖವಿಲ್ಲ. ಸಾಲುಸಾಲು ಮದನಿಕೆಯರಿಗೆ ಮುಖವುಂಟು, ಹೆಸರಿಲ್ಲ. ನಮ್ಮ ತಾಯಿಯವರಂಥ ಕೋಟ್ಯಂತರ ಜನರಿಗೆ ಎರಡೂ ಇಲ್ಲ.

ಇನ್ನೊಂದು ಮಾತನ್ನು ಮರೆಮಾಚಬಾರದು. ಜಪಾನಿನ ಚಿತ್ರಗಳ ಚೆಲುವೆಯರಲ್ಲಿ ಬಹುಮಂದಿ ಯೊಶಿವಾರ ಎಂಬ ಕೇರಿಯವರು. ತಂದೆಯ ಸಾಲಕ್ಕಾಗಿ ಎಳವೆಯಲ್ಲಿಯೇ ಮಾರಾಟವಾಗಿ ಆ ಕೇರಿಗೆ ಬಂದವರು ಅವರಲ್ಲಿ ಎಷ್ಟೋ ಜನ. ಕಿಂಕಾಪಿನ ಉಡುಗೆಯನ್ನು ಚಿತ್ರವು ತೋರಿಸುತ್ತದೆ, ಸಾಲದ ಪತ್ರವನ್ನು ತೋರಿಸುವುದಿಲ್ಲ. ಇದನ್ನು ಪರದೇಶದ ಪಾಪವೆಂದು ನಾವು ಮೂಗು ಮುರಿಯುವಂತಿಲ್ಲ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ತಡೆಯಲು ಕರ್ನಾಟಕದಲ್ಲಿ 1982ರಷ್ಟು ಈಚೆಗೆ ಕಾಯಿದೆ ಮಾಡಬೇಕಾಯಿತು. ಆದುದರಿಂದ ಚೆಲುವನ್ನು ನೋಡುವಾಗ ಚೆಲುವಿನ ಬೆಲೆಯನ್ನು ತೆತ್ತವರು ಯಾರೆಂದು ಒಮ್ಮೆ ಕೇಳಿಕೊಳ್ಳುವುದು ಗೃಹಸ್ಥನ ಧರ್ಮ.

ಬಸದಿಯ ಕಟ್ಟೆಯ ಮೇಲೆ ಕುಳಿತು ಮಗಳಿಗೆ ಶಾಕುಂತಲದ ಆರನೆಯ ಅಂಕವನ್ನು ಹೇಳಿದೆವು. ದುಷ್ಯಂತನು ಮರೆತ ಹೆಂಡತಿಯನ್ನು ನೆನೆದು ಚಿತ್ರ ಬರೆಯುತ್ತಾನೆ. ಬರೆದ ಮೇಲೂ ಅವನಿಗೆ ತೃಪ್ತಿಯಿಲ್ಲ. ಏನು ಉಳಿದಿದೆಯೆಂದು ಕೇಳಿದರೆ, ಮಾಲಿನಿಯ ಮರಳಿನ ದಿಬ್ಬ, ಅಲ್ಲಿಯ ಹಂಸಗಳು, ಅವಳ ಕಿವಿಯಲ್ಲಿದ್ದ ಶಿರೀಷದ ಹೂವು ಎನ್ನುತ್ತಾನೆ. ಅಷ್ಟು ವರ್ಷ ಆ ಅಂಕವನ್ನು ಪಾಠ ಹೇಳಿದರೂ ಅದರ ಮರ್ಮ ನಮಗೆ ಅಂದೇ ತಿಳಿಯಿತು. ನಮ್ಮ ಹಿರಿಯರು ಚಿತ್ರಕ್ಕೆ ಆರು ಅಂಗಗಳನ್ನು ಎಣಿಸಿದ್ದಾರೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಸಾದೃಶ್ಯವೆಂಬುದು ಕಣ್ಣು ಮೂಗಿನ ಲೆಕ್ಕವಷ್ಟೇ ಅಲ್ಲ. ಕಿವಿಯ ಹೂವೂ ಸಾದೃಶ್ಯವೇ.

ಸಂಜೆ ಊರಿಗೆ ಮರಳಿ, ಕಟ್ಟೆಯ ಮೇಲೆ ಕುಳಿತು ಮಗಳು ಪುಸ್ತಕದ ಕೊನೆಯ ಹಾಳೆಗಳನ್ನು ಮಗುಚಿದಳು. ಅಲ್ಲಿ ಉಎಮುರಾ ಶೋಎನ್ ಎಂಬ ಚಿತ್ರಕರ್ತ್ರಿಯ ವಿಷಯವಿತ್ತು. 1875ರಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡ ಈಕೆ ಮರದ ಅಚ್ಚಿನವಳಲ್ಲ, ಕುಂಚದಿಂದ ಬರೆದವಳು. ಆದರೆ ಬರೆದುದು ಅದೇ ಚೆಲುವೆಯರ ಪರಂಪರೆಯನ್ನು. ತಂದೆಯಿಲ್ಲದ ಕೂಸನ್ನು ತಾಯಿ ಕ್ಯೋಟೋ ನಗರದಲ್ಲಿ ಚಹಾಪುಡಿಯ ಅಂಗಡಿ ನಡೆಸಿ ಸಾಕಿದಳು. ಹೆಣ್ಣಿಗೆ ಚಿತ್ರವೇಕೆಂದು ಆಡಿಕೊಂಡವರ ಮಾತಿಗೆ ಕಿವಿಗೊಡದೆ ಕಲಿಸಿದಳು. 1948ರಲ್ಲಿ ಜಪಾನಿನ ಸಂಸ್ಕೃತಿ ಪದಕವನ್ನು ಪಡೆದ ಮೊದಲ ಹೆಂಗಸು ಈಕೆಯೇ. 1934ರಲ್ಲಿ ತಾಯಿ ತೀರಿಕೊಂಡ ಮೇಲೆ ಶೋಎನ್ ನೆನಪಿನಿಂದ ಬರೆದ ಚಿತ್ರಗಳಲ್ಲಿ ವೇಶಭೂಷಣದ ಆಡಂಬರವಿಲ್ಲ. 1941ರ ಒಂದು ಚಿತ್ರ ಮುಸ್ಸಂಜೆಯದು: ಕಾಗದದ ಬಾಗಿಲಿನ ಬಳಿ ಹೆಂಗಸೊಬ್ಬಳು ಉಳಿದ ಬೆಳಕಿಗೆ ಸೂಜಿಯನ್ನೆತ್ತಿ ಹಿಡಿದು ದಾರ ಪೋಣಿಸುತ್ತಿದ್ದಾಳೆ.

ಆ ಹಾಳೆಯನ್ನು ಕಂಡೊಡನೆ ಅಕ್ಕನವರ ಕೈ ಪುಸ್ತಕದ ಮೇಲೆ ನಿಂತಿತು. "ತಮ್ಮಾ, ಅವ್ವ ಹಿಂಗ ಪೋಣಸತಿದ್ಲು ನೋಡು. ಕೌದಿ ಹೊಲಿಯೋಮುಂದ ಹೊಚ್ಚಲದಾಗ ಕೂಡಾಕಿ. ಎಡಗಣ್ಣ ಮುಚ್ಚಿ, ಮಾರಿ ವಾರಿ ಮಾಡಿ, ದಾರದ ತುದಿ ತುಟಿಗೆ ಹಚ್ಚಿ ತೊಯ್ಸಾಕಿ. ದೀಪ ಹಚ್ಚೋದು ಬ್ಯಾಡ, ಎಣ್ಣಿ ಖರ್ಚ ಆಕ್ಕೈತಿ ಅನ್ನಾಕಿ" ಎಂದರು. ಅಕ್ಕ ಹೇಳಿದಂತೆ ನಮಗೂ ಕಂಡಿತು: ಹೊಸ್ತಿಲು, ಬಾಗಿದ ಕೊರಳು, ಹೆಗಲಿನಿಂದ ಜಾರಿದ ಸೆರಗು, ತೊಡೆಯ ಮೇಲೆ ಹಳೆಯ ಸೀರೆಗಳ ತುಂಡುಗಳು. ನಲವತ್ತೈದು ವರ್ಷಗಳಲ್ಲಿ ಒಮ್ಮೆಯೂ ನೆನಪಿಗೆ ಬಾರದ ತಾಯಿ ಪರದೇಶದ ಹಾಳೆಯೊಂದರ ಮರೆಯಿಂದ ಎದ್ದು ಬಂದಂತಾಯಿತು. ಪೆಟ್ಟಿಗೆಯಿಂದ ಅವರು ಹೊಲಿದ ಕೌದಿಯನ್ನು ತೆಗೆಸಿದೆವು. ಸಾಲುಸಾಲಾದ ಆ ಹೊಲಿಗೆಯೇ ಅವರ ಕೈಬರಹ. ಓದು ಬಲ್ಲ ನಾವು ಅಷ್ಟು ವರ್ಷ ಅದನ್ನು ಹೊದೆದು ಮಲಗಿದೆವಲ್ಲದೆ ಓದಿರಲಿಲ್ಲ.

ಮಗಳು ಎರಡು ವಾರ ಕುಳಿತು ಚಿತ್ರವನ್ನು ಬರೆದಳು. ಮುಖವನ್ನು ಅರ್ಧ ನೆರಳಿನಲ್ಲಿಟ್ಟಳು. ಕೈ, ಕೊರಳು, ಸೂಜಿ, ಕೌದಿಗಳಿಗೆ ಬೆಳಕನ್ನು ಕೊಟ್ಟಳು. ಅಕ್ಕನವರು ಬಹಳ ಹೊತ್ತು ನೋಡಿ, "ಮಾರಿ ಆಕೀದ ಹೌದೋ ಅಲ್ಲೋ ನಾ ಹೇಳಲಾರೆ. ಆದ್ರ ಕುಂತಾಕಿ ನಮ್ಮವ್ವನ" ಎಂದರು. ಮುಖಗಳೆಲ್ಲ ಒಂದೇ ಏಕೆಂಬ ತಮ್ಮ ಪ್ರಶ್ನೆಗೆ ಅವರೇ ಉಳಿದ ಅರ್ಧ ಉತ್ತರವನ್ನು ಕೊಟ್ಟುಕೊಂಡರು.

ಚಿತ್ರವು ಈಗ ನಮ್ಮ ತಂದೆಯವರ ಭಾವಚಿತ್ರದ ಪಕ್ಕದಲ್ಲಿದೆ. ಕೆಳಗಿನ ಮೂಲೆಯಲ್ಲಿ ಮಗಳು ತನ್ನ ಹೆಸರನ್ನು ಬರೆದು, "ಅಪ್ಪಾ, ಅಜ್ಜಿ ಹೆಸರು ನೀವ ಬರೀರಿ" ಎಂದು ಲೇಖನಿಯನ್ನು ನಮ್ಮ ಕೈಗೆ ಕೊಟ್ಟಳು. ಲೆಕ್ಕವಿಲ್ಲದಷ್ಟು ಹಾಜರಿ ಪುಸ್ತಕಗಳಲ್ಲಿ ಹೆಸರು ಬರೆದ ಕೈ ಅಂದು ತುಸು ನಡುಗಿತು. ಬರೆದೆವು. ಆ ಹೆಸರು ನಮ್ಮ ಗೋಡೆಗೆ ಸೇರಿದ್ದು, ಇಲ್ಲಿ ಅಚ್ಚುಹಾಕಿಸುವುದಿಲ್ಲ. ವಾಚಕರಲ್ಲಿ ನಮ್ಮದೊಂದು ಬಿನ್ನಹ ಮಾತ್ರ: ನಿಮ್ಮ ಮನೆಯಲ್ಲಿಯೂ ಹಿಂದಿನ ಸಾಲಿನಲ್ಲಿ ಸೆರಗಿನ ಮರೆಯಲ್ಲಿ ನಿಂತ ತಾಯಂದಿರು ಇದ್ದಾರು. ಅವರನ್ನು ಕಂಡ ಹಿರಿಯರೊಬ್ಬರು ಇನ್ನೂ ಕಟ್ಟೆಯ ಮೇಲೆ ಕುಳಿತಿರುವಾಗಲೇ, ಅವರು ಹೇಗೆ ಕೂಡುತ್ತಿದ್ದರೆಂದು ಕೇಳಿ ಬರೆದಿಡಿರಿ. ಹಾಳೆಯ ಹಿಂದೆ ಹೆಸರನ್ನೂ ಬರೆಯಿರಿ.